ಹಗ್ಗದ ಟೀಚರ್ ಬಿಡಿಸಿ ಹಿಡಿದ ಅಂಗೈ

ಹಗ್ಗಜಗ್ಗಾಟವೆಂದರೆ ಶಾಲಾ ವಾರ್ಷಿಕೋತ್ಸವದ ಕೊನೆಗೆ ದೊಡ್ಡವರು ನಗುತ್ತ ಬಿದ್ದೇಳುವ ಆಟವೆಂದೇ ತಿಳಿದಿದ್ದ ನಮ್ಮಂಥವರಿಗೆ, ಅದಕ್ಕೂ ನಿಯಮಗಳುಂಟು, ತೂಕದ ಮಿತಿಯುಂಟು, ದೇಶದೇಶಗಳ ತಂಡಗಳು ಸೆಣಸುವ ವಿಶ್ವ ಚಾಂಪಿಯನ್‌ಷಿಪ್ಪೇ ಉಂಟು ಎಂದು ತೋರಿಸಿಕೊಟ್ಟವರು ಈಗ ನಿವೃತ್ತರಾಗುತ್ತಿರುವ ನಮ್ಮ ದೈಹಿಕ ಶಿಕ್ಷಣ ಶಿಕ್ಷಕಿಯವರು. ರಾಷ್ಟ್ರೀಯ ಮಹಿಳಾ ತಂಡದ ಮೊದಲ ತರಬೇತುದಾರರೆಂಬ ಗೌರವ ಅವರದು. ಆದರೆ ಊರಿಗೆಲ್ಲ ಅವರು ಹಗ್ಗದ ಟೀಚರ್. ಅವರಿಗೂ ಆ ಹೆಸರೇ ಇಷ್ಟ.

ಅವರು ಸೇವೆಗೆ ಸೇರಿದಾಗ ಶಾಲೆಯ ಆಟದ ಸಾಮಾನಿನ ಕೋಣೆಯಲ್ಲಿ ಚೆಂಡು ಹರಿದಿತ್ತು, ನೆಟ್ಟನ್ನು ಇಲಿ ತಿಂದಿತ್ತು. ಗಟ್ಟಿಯಾಗಿದ್ದುದು ಒಂದು ಹಗ್ಗ ಮಾತ್ರ. ಸರಿ, ಹಗ್ಗವೇ ಸೈ ಎಂದರು. ಶಾಲೆ ಬಿಟ್ಟ ಹುಡುಗಿಯರೂ ಹಗ್ಗ ಬಿಡಲಿಲ್ಲ. ದೇಶದಲ್ಲಿ ಬೇರೆ ಮಹಿಳಾ ತಂಡವೇ ಇರಲಿಲ್ಲವಾದ್ದರಿಂದ ಇವರೇ ರಾಷ್ಟ್ರೀಯ ತಂಡವಾದರೆಂದು ಕುಹಕವಾಡಿದವರುಂಟು. ಆಡಿಕೊಳ್ಳಲಿ, ಬಾಯಿಗೇನು ಬಾಡಿಗೆಯೇ?

ಎಂಟು ಜನರ ಸಾಲಿನ ಕೊನೆಯಲ್ಲಿ ಹಗ್ಗವನ್ನು ಮೈಗೆ ಸುತ್ತಿಕೊಂಡು ನಿಲ್ಲುವಾಕೆ ಇಸ್ತ್ರಿ ಅಂಗಡಿಯವಳು. ತಂಡದವರು ಅವಳನ್ನು ‘ಲಂಗರು’ ಎಂದೇ ಕರೆಯುತ್ತಾರೆ. ಮದುವೆಯಾದ ಮೇಲೆ ಅವಳನ್ನು ಆಟಕ್ಕೆ ಕಳುಹಿಸಲು ಅತ್ತೆ ಒಪ್ಪಲಿಲ್ಲ. ಟೀಚರ್ ವಾದಕ್ಕಿಳಿಯಲಿಲ್ಲ. ಶಾಲೆ ಬಿಟ್ಟೊಡನೆ ಅವರ ಮನೆಗೆ ಹೋಗಿ, ಅಡುಗೆಮನೆಯಲ್ಲಿ ಕುಳಿತು ತರಕಾರಿ ಹೆಚ್ಚಿಕೊಟ್ಟು, ಆಟದ ಸುದ್ದಿಯನ್ನೇ ಎತ್ತದೆ ಎದ್ದು ಬರುತ್ತಿದ್ದರು. ಹೀಗೆ ನಾಲ್ಕಾರು ಸಲವಾದ ಮೇಲೆ ಆ ಹಿರಿಯಾಕೆಯೇ ಸೋತು, “ಕರ್ಕೊಂಡು ಹೋಗಮ್ಮ ನಿನ್ನ ಶಿಷ್ಯೇನ! ನಿನ್ನ ಕಾಟ ತಡೆಯೋಕಾಗಲ್ಲ” ಎಂದರಂತೆ.

ಮನೆಯೊಳಗೆ ಇಷ್ಟು ಚೆನ್ನಾಗಿ ಬಂದ ವಿದ್ಯೆಯನ್ನು ಅವರು ಮೈದಾನದಲ್ಲಿ ಮರೆತಿದ್ದರು. ಎದುರು ನಿಲ್ಲಲು ಇನ್ನೊಂದು ತಂಡವಿಲ್ಲದ್ದರಿಂದ, ಶಾಲೆಯ ಹಿಂದೆ ರಾಟೆ ಕಟ್ಟಿ, ಕಲ್ಲು ತುಂಬಿದ ಡ್ರಮ್ಮನ್ನು ಹುಡುಗಿಯರಿಂದ ಎಳೆಸುತ್ತಿದ್ದರು. ಡ್ರಮ್ಮಿಗೆ ದಣಿವಿಲ್ಲ, ಹಠವಿಲ್ಲ, ಉಪಾಯವಂತೂ ಇಲ್ಲವೇ ಇಲ್ಲ, ಎಳೆದಷ್ಟೂ ಮೇಲೇರುತ್ತದೆ. ಮೊದಲ ಚಾಂಪಿಯನ್‌ಷಿಪ್ಪಿನಲ್ಲಿ ಸೀಟಿ ಊದಿದ್ದೇ ತಡ ನಮ್ಮವರು ಜೀವ ಒತ್ತೆಯಿಟ್ಟು ಎಳೆದರು. ಎದುರಾಳಿಗಳು ಸುಮ್ಮನೆ ಬೂಟು ಊರಿ ಹಿಡಿದು ನಿಂತರು. ನಮ್ಮವರ ಉಸಿರು ಮುಗಿದ ಮೇಲೆ ವಾಯುವಿಹಾರಕ್ಕೆ ಹೊರಟವರಂತೆ ಹಿಂದೆ ಹಿಂದೆ ನಡೆದರು. ನಮ್ಮವರು ಒಂದು ಎಳೆತವನ್ನೂ ಗೆಲ್ಲಲಿಲ್ಲ.

ಕ್ರೀಡಾ ಸಂಘದವರು ಮಹಿಳಾ ತಂಡವನ್ನೇ ಮುಚ್ಚಲು ಹೊರಟರು. ಟೀಚರ್ ಸಭೆಯಲ್ಲಿ ಎದ್ದು ನಿಂತು, “ಇನ್ನೊಂದೇ ಸಲ ಕಳಿಸಿ. ಒಂದು ಎಳೆತಾನಾದ್ರೂ ಗೆಲ್ಲದಿದ್ರೆ ತಂಡ ಮುಚ್ಚಿ, ನಾನೂ ಹಗ್ಗ ಮುಟ್ಟಲ್ಲ” ಎಂದುಬಿಟ್ಟರು. ಮಾತು ಕೊಟ್ಟದ್ದೇನೋ ಆಯಿತು, ದಾರಿ ಮಾತ್ರ ಹೊಳೆಯಲಿಲ್ಲ. ಆಗ ಲಂಗರು, “ನಮ್ಮತ್ತೆ ಮುಂದೆ ಕಾದ್ರಲ್ಲ ಟೀಚರ್, ಹಾಗೆ ಕಾಯೋಕೆ ನಮಗೂ ಹೇಳ್ಕೊಡಿ” ಎಂದಳು. ಟೀಚರ್ ಹಣೆ ಹಣೆ ಚಚ್ಚಿಕೊಂಡು ನಕ್ಕರು.

ಡ್ರಮ್ಮು ಮೂಲೆ ಸೇರಿತು. ಊರಿನ ಅಗ್ನಿಶಾಮಕ ದಳದವರನ್ನು ಕಾಡಿ ಬೇಡಿ ಎದುರಿಗೆ ನಿಲ್ಲಿಸಿದರು. ಟೀಚರ್ ಅಂಗೈ ಬಿಡಿಸಿ ಹಿಡಿದರೆ ತಡೆದು ನಿಲ್ಲಬೇಕು, ಮುಷ್ಟಿ ಕಟ್ಟಿದರೆ ಎಳೆಯಬೇಕು. ದಿನಗಟ್ಟಲೆ ಮುಷ್ಟಿ ಕಟ್ಟಲೇ ಇಲ್ಲ. ಶಾಲೆಯ ಜವಾನ, “ಇದೇನ್ ಟೀಚರ್, ಹಗ್ಗ ಹಿಡ್ಕೊಂಡು ಬಸ್ಸಿಗೆ ಕಾಯ್ತಿದ್ದಾರಾ?” ಎಂದು ಕಿಚಾಯಿಸುತ್ತಿದ್ದ. ಸಂಜೆ ಎಂಟು ಜೋಡಿ ಕೈಗಳ ಬೊಬ್ಬೆಗಳಿಗೆ ಟೀಚರೇ ಮುಲಾಮು ಹಚ್ಚುತ್ತಿದ್ದರು.

ಎರಡನೆಯ ಚಾಂಪಿಯನ್‌ಷಿಪ್ಪಿನಲ್ಲೂ ಸೋಲಿನ ಮೇಲೆ ಸೋಲು. ಉಳಿದದ್ದು ಕಟ್ಟಕಡೆಯ ಎಳೆತ. ಸೀಟಿ ಕೂಗಿತು, ಟೀಚರ್ ಅಂಗೈ ಬಿಡಿಸಿದರು. ಹಗ್ಗದ ನಡುವಿನ ಗುರುತು ಎದುರಾಳಿಗಳತ್ತ ಸರಿಯಿತು, ಮತ್ತೂ ಸರಿಯಿತು. “ಎಳೆಸ್ರೀ ಟೀಚರ್, ಎಲ್ಲಾ ಹೋಯ್ತು!” ಎಂದು ಸಂಘದ ಕಾರ್ಯದರ್ಶಿ ಹಿಂದಿನಿಂದ ಅರಚಿದರು. ಇಪ್ಪತ್ತು ವರ್ಷದ ಹಗ್ಗ ಕಣ್ಣೆದುರೇ ಜಾರುತ್ತಿತ್ತು. ಅಂಗೈ ಮಾತ್ರ ಕದಲಲಿಲ್ಲ. ಆಗ ಎದುರು ಸಾಲಿನ ಒಬ್ಬಾಕೆ ಬಾಯಿ ತೆರೆದು ಉಸಿರೆಳೆದುಕೊಂಡು ಬೂಟಿನ ಜಾಗ ಬದಲಿಸಿದಳು. ಟೀಚರ್ ಮುಷ್ಟಿ ಕಟ್ಟಿದರು.

ಪಟ್ಟಿಯಲ್ಲಿ ನಮ್ಮದು ಕೊನೆಯ ಸ್ಥಾನವೇ. ಆದರೆ ಎಳೆತವೊಂದನ್ನು ಗೆದ್ದೆವು, ತಂಡ ಉಳಿಯಿತು. ಅಂದು ಹುಲ್ಲಿನ ಮೇಲೆ ಕುಳಿತು ಅತ್ತವರಲ್ಲಿ ಸಂಘದ ಕಾರ್ಯದರ್ಶಿಯೂ ಒಬ್ಬರು.

ಮೊನ್ನೆ ಟೀಚರ್ ಹಗ್ಗವನ್ನು ಸುತ್ತಿಟ್ಟು, ಕೋಣೆಯ ಬೀಗದ ಕೈಯನ್ನು ಮುಖ್ಯೋಪಾಧ್ಯಾಯರ ಮೇಜಿನ ಮೇಲಿಟ್ಟು, “ಸಾಕಪ್ಪ, ಇನ್ನು ನೀವುಂಟು ನಿಮ್ಮ ಹಗ್ಗ ಉಂಟು” ಎಂದು ಹೊರಟರು. ಬಾಗಿಲಲ್ಲಿ ಎಂಟೂ ಜನ ಅಡ್ಡ ನಿಂತಿದ್ದರು. ಲಂಗರು ಮೊದಲು ಕೈ ಎತ್ತಿದಳು, ಹಿಂದೆಯೇ ಉಳಿದವರೂ ಎತ್ತಿದರು. ಎಲ್ಲರೂ ಅಂಗೈ ಬಿಡಿಸಿ ಹಿಡಿದಿದ್ದರು.

“ನನ್ನ ವಿದ್ಯೆ ನನಗೇ ತಿರುಗಿಸ್ತೀರೇನ್ರೇ?” ಎಂದರು ಟೀಚರ್. ಕಣ್ಣೊರೆಸಿಕೊಂಡು ಹಿಂದಿರುಗಿ ಬೀಗದ ಕೈ ಎತ್ತಿಕೊಂಡರು.

ಟೀಚರ್, ಈಗ ಹಗ್ಗದ ಆ ತುದಿಯಲ್ಲಿ ವಯಸ್ಸು ನಿಂತಿದೆ. ಅದು ಎಷ್ಟು ಬೇಕಾದರೂ ಎಳೆಯಲಿ. ಈ ತುದಿಯಲ್ಲಿ ತಾವು ಆರೋಗ್ಯದಿಂದ, ಹಠದಿಂದ, ಬಹುಕಾಲ ಬೂಟು ಊರಿ ನಿಂತಿರಬೇಕು. ತಮ್ಮ ಹಿಂದೆ ನಾವೆಲ್ಲ ಹಿಡಿದಿದ್ದೇವೆ.