ಬೀಗ ಹಾಕಿದ ಮನೆಯ ಕೋಚ್ ಅಂಕಲ್

ಕೋಚ್ ಅಂಕಲ್ ಕೊರಳಲ್ಲಿ ಒಂದೇ ದಾರಕ್ಕೆ ಎರಡು ವಸ್ತು ತೂಗುತ್ತಿದ್ದವು: ಒಂದು ವಿಶಲ್, ಇನ್ನೊಂದು ಮುಂಬಾಗಿಲ ಬೀಗದ ಕೈ. ನಡೆದಾಗಲೆಲ್ಲ ಅವೆರಡೂ ತಾಗಿ ಸಣ್ಣಗೆ ಸದ್ದಾಗುತ್ತಿತ್ತು. ವಿಶಲ್ ಬೇಕಾಗುತ್ತಿದ್ದುದು ವಾರಕ್ಕೊಮ್ಮೆ, ಐಸ್ ಹಾಕಿ ಆಟ ಕಲಿಯುವ ಮಕ್ಕಳ ಮುಂದೆ. ಬೀಗದ ಕೈ ಇಡೀ ದಿನ ಬೇಕಾಗುತ್ತಿತ್ತು. ಅವರ ಹೆಂಡತಿಗೆ, ನಮ್ಮ ಆಂಟಿಗೆ, ಮರೆವಿನ ಕಾಯಿಲೆ. ಬಾಗಿಲು ತೆರೆದಿದ್ದರೆ ಬರಿಗಾಲಲ್ಲೇ ರಸ್ತೆಗಿಳಿದು, ಮೈಸೂರಿನ ಮನೆ ಹುಡುಕಿಕೊಂಡು ಹೊರಟುಬಿಡುತ್ತಿದ್ದರು.

ಆಸ್ಟ್ರೇಲಿಯಾದ ಪರ್ತ್ ನಗರದಂಚಿನ ಪಿಯಾರಾ ವಾಟರ್ಸ್‌ನಲ್ಲಿ ಅವರದು ನಮ್ಮ ಹಿಂದಿನ ಬೀದಿ. ಅಂಕಲ್ ಗಣಿ ಎಂಜಿನಿಯರ್ ಆಗಿ ಕೆನಡಾದಲ್ಲಿ ಬಹಳ ವರ್ಷ ಇದ್ದು, ಅಲ್ಲಿ ಐಸ್ ಹಾಕಿಯ ಹುಚ್ಚು ಹಿಡಿಸಿಕೊಂಡು, ಆಮೇಲೆ ಪರ್ತ್‌ಗೆ ಬಂದು ನಿವೃತ್ತರಾದವರು. ಮಕ್ಕಳಿರಲಿಲ್ಲ. ನನ್ನ ಗಂಡನೂ ಗಣಿಯವನೇ. ಎರಡು ವಾರ ಉತ್ತರದ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ. ಮೈಸೂರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದ ನಾನು ಇಲ್ಲಿ ಕೆಲಸವಿಲ್ಲದೆ, ಕಾರು ಓಡಿಸಲು ಬಾರದೆ, ಒಂದೇ ಥರದ ಇಟ್ಟಿಗೆ ಮನೆಗಳ ನಡುವೆ ಕೂತಿದ್ದೆ. ಮಗಳನ್ನು ಆಟ ಕಲಿಯಲು ಮಂಜುಗಡ್ಡೆಯ ಅಂಕಣವಾದ ರಿಂಕ್‌ಗೆ ಕರೆದೊಯ್ಯುತ್ತಿದ್ದವರು ಅಂಕಲ್ಲೇ. ಆ ಹೊತ್ತಿಗೆ ಆಂಟಿಯನ್ನು ನೋಡಿಕೊಳ್ಳಲು ಒಬ್ಬ ಕೇರರ್ ಬರುತ್ತಿದ್ದಳು.

ಮಧ್ಯಾಹ್ನ ಹುಳಿಯೋ ಪಲ್ಯವೋ ತೆಗೆದುಕೊಂಡು ಹೋದರೆ ಅಂಕಲ್ ಆ ವಾರದ ಪ್ರಾಕ್ಟೀಸ್ ಹೇಗೆ ಅಂತ ನನ್ನನ್ನು ಕೂರಿಸಿಕೊಂಡು ಹೇಳುವರು. “ಕೇಳೋಕೆ ಒಬ್ರು ಬೇಕಮ್ಮ. ಇಲ್ದಿದ್ರೆ ಗೋಡೆಗೆ ಹೇಳ್ಬೇಕು.”

ಒಮ್ಮೆ ಮಕ್ಕಳು ಒಂದರ ಹಿಂದೊಂದು ಪಂದ್ಯ ಸೋತಿದ್ದರು. ಪಕ್ ಎನ್ನುವ ಆ ಚಪ್ಪಟೆ ರಬ್ಬರ್ ಬಿಲ್ಲೆ ಸಿಕ್ಕಿದರೆ ಯಾರೂ ಇನ್ನೊಬ್ಬರಿಗೆ ಕೊಡುತ್ತಿರಲಿಲ್ಲ. ನನ್ನ ಮಗಳಂತೂ ಎಲ್ಲರಿಗಿಂತ ಮುಂದು. ಅಂಕಲ್ ಊಟದ ಮೇಜಿನ ಮೇಲೆ ಮೂರು ಕಾಫಿ ಲೋಟ, ನಡುವೆ ಉಪ್ಪಿನ ಡಬ್ಬಿ ಇಟ್ಟರು. ಬಾಟಲಿಯ ಮುಚ್ಚಳವೇ ಪಕ್.

“ಮೊದ್ಲು ಇಬ್ಬಿಬ್ರು, ನಿಂತಲ್ಲೇ ಪಾಸು. ಆಮೇಲೆ ಹೀಗೆ ಮೂರು ಜನ, ಮಧ್ಯೆ ಕಿತ್ಕೊಳ್ಳೋನು ಒಬ್ಬ. ಎರಡು ಸಲಕ್ಕಿಂತ ಜಾಸ್ತಿ ಯಾರೂ ಮುಟ್ಟಂಗಿಲ್ಲ. ಬಂದ್ಮೇಲೆ ಯೋಚ್ನೆ ಮಾಡಿದ್ರೆ ಲೇಟು. ಬರೋಕ್ ಮುಂಚೇನೇ ತಲೆ ಎತ್ತಿ ನೋಡ್ಕೊಂಡಿರ್ಬೇಕು, ಯಾರಿಗೆ ಕೊಡ್ಲಿ ಅಂತ.”

“ಇಷ್ಟು ಹತ್ತಿರ ಹತ್ತಿರಾನಾ ಅಂಕಲ್?”

“ನಮಗೆ ಸಿಗೋದೇ ಅರ್ಧ ರಿಂಕು. ಇಕ್ಕಟ್ಟಲ್ಲೇ ಕಲೀಲಿ ಬಿಡು.”

ಪಕ್ಕದಲ್ಲಿ ಕೂತಿದ್ದ ಆಂಟಿ ಅವರ ತೋಳು ಹಿಡಿದರು. “ಮನೆಗೆ ಹೋಗೋಣ ಏಳಿ, ಹೊತ್ತಾಯ್ತು.”

“ಹೋಗೋಣ ಕಣೆ, ಇದೊಂದು ಮುಗಿಸ್ಬಿಡ್ತೀನಿ.”

ಅದೇ ಮಾತು, ಅದೇ ಉತ್ತರ, ಆ ಮಧ್ಯಾಹ್ನ ಎಷ್ಟು ಸಲವೋ. ಅಂಕಲ್ ದನಿ ಒಮ್ಮೆಯೂ ಏರಲಿಲ್ಲ. ಲೋಟ ಜರುಗಿಸುವ ಕೈ ಮಾತ್ರ ಪ್ರತಿ ಸಲ ಒಂದು ಗಳಿಗೆ ನಿಂತುಬಿಡುತ್ತಿತ್ತು.

ಆ ವಾರದ ಪ್ರಾಕ್ಟೀಸ್ ದಿನ ಕೇರರ್‌ಗೆ ಹುಷಾರಿಲ್ಲವೆಂದು ಫೋನ್ ಬಂತು. ನಾನು ಮಗಳನ್ನು ಬಿಡಲು ಹೋದಾಗ ಅಂಕಲ್ ಸ್ಕೇಟ್ಸ್ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಸುಮ್ಮನೆ ಕೂತಿದ್ದರು.

“ನೀವು ಹೋಗಿ ಅಂಕಲ್, ನಾನಿರ್ತೀನಿ.”

ದಾರದ ಗಂಟು ಬಿಚ್ಚಲು ಅವರಿಗೆ ಹೊತ್ತು ಹಿಡಿಯಿತು. ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು, “ಏನೇ ಅಂದ್ರೂ ಬಾಗಿಲು ತೆಗೀಬೇಡಮ್ಮ” ಎಂದರು.

ಕಾರಿನ ಸದ್ದು ಅಡಗುತ್ತಲೇ ಆಂಟಿ ಬಾಗಿಲ ಹಿಡಿ ಅಲ್ಲಾಡಿಸಿದರು. ಆಮೇಲೆ ಎರಡೂ ಅಂಗೈಯಲ್ಲಿ ಬಡಿಯತೊಡಗಿದರು. “ಯಾರೇ ನೀನು? ನನ್ನನ್ಯಾಕೆ ಕೂಡಿ ಹಾಕಿದೀಯ? ಬಿಡೇ ನನ್ನ!” ಕಾಫಿ ಕೊಟ್ಟೆ, ಟಿವಿ ಹಾಕಿದೆ, ಯಾವುದೂ ನಡೆಯಲಿಲ್ಲ. ಕಿಟಕಿಯಾಚೆ ಬಿಸಿಲು, ಮುಚ್ಚಿದ ಗ್ಯಾರೇಜುಗಳು. ಒಂದು ನರಪಿಳ್ಳೆಯೂ ಇಲ್ಲ. ನಾನು ಬಾಗಿಲ ಬುಡದಲ್ಲೇ ಕೂತುಬಿಟ್ಟೆ. “ನನಗೂ ಮನೆಗೆ ಹೋಗ್ಬೇಕು ಆಂಟಿ” ಎಂಬ ಮಾತು ತಾನಾಗಿ ಬಂತು. ಬಿಕ್ಕಿ ಬಿಕ್ಕಿ ಅತ್ತೆ.

ಬಡಿತ ನಿಂತಿತು. ಆಂಟಿ ಪಕ್ಕದಲ್ಲಿ ಕೂತು ಸೆರಗಿನಿಂದ ನನ್ನ ಮುಖ ಒರೆಸಿದರು. “ಅಳ್ಬೇಡ ಮಗು. ಅವರು ಬರ್ಲಿ, ನಿನ್ನನ್ನೂ ಬಿಟ್ಟು ಬನ್ನಿ ಅಂತ ಹೇಳ್ತೀನಿ.”

ಅಂಕಲ್ ಬಂದಾಗಲೂ ನಾವು ನೆಲದ ಮೇಲೇ ಇದ್ದೆವು. ಎದ್ದು ಬಾಗಿಲು ತೆಗೆದೆ. “ಅಮ್ಮಾ, ಐ ಪಾಸ್ಡ್ ಇಟ್ ಎವ್ರಿ ಟೈಮ್!” ಎನ್ನುತ್ತ ಮಗಳು ಒಳಗೆ ಓಡಿದಳು. ಅಂಕಲ್ ನನ್ನ ಮುಖ ನೋಡಿದರು.

“ಬಾಗಿಲು ಬಡಿದ್ಲಾ?”

“ಹೂಂ.”

“ಒಂದೊಂದ್ ದಿನ ನಂಗೂ ಬಡೀಬೇಕು ಅನ್ಸುತ್ತೆ ಕಣಮ್ಮ. ಬೀಗದ ಕೈ ನನ್ನ ಕೊರಳಲ್ಲೇ ಇರುತ್ತೆ. ಆದ್ರೂ.” ನನ್ನಿಂದ ಬೀಗದ ಕೈ ತೆಗೆದುಕೊಳ್ಳುತ್ತ, “ನೀನ್ಯಾಕೆ ಅಳ್ತಿದ್ದೆ?” ಎಂದರು.

ಅಮ್ಮನಿಗೂ ಹೇಳದ್ದನ್ನೆಲ್ಲ ಹೇಳಿಬಿಟ್ಟೆ. ಕೇಳಿ ಮುಗಿಸಿದವರೇ ನನ್ನೆದುರೇ ನನ್ನ ಗಂಡನಿಗೆ ಫೋನ್ ಮಾಡಿದರು. “ನಿನ್ನ ಹೆಂಡ್ತಿ ಇಲ್ಲಿ ಒಬ್ಬಳೇ ಕುಗ್ಗಿ ಹೋಗ್ತಿದಾಳೆ ಕಣಪ್ಪ. ಗೊತ್ತಾ ನಿಂಗೆ?”

ಮನೆಯ ವಿಷಯ ಊರಿಗೆಲ್ಲ ಹೇಳಿದೆಯೆಂದು ಗಂಡ ಆ ವಾರ ನನ್ನೊಡನೆ ಮಾತೇ ಆಡಲಿಲ್ಲ. ಆದರೆ ವರ್ಷ ಕಳೆಯುವ ಮೊದಲು ಗಣಿ ಬಿಟ್ಟು ಊರೊಳಗೇ ಇರುವ ವೆಲ್ಷ್‌ಪೂಲ್‌ನ ವರ್ಕ್‌ಶಾಪಿಗೆ ಸೇರಿದ. ಈಗ ದಿನಾ ಸಂಜೆ ಮನೆಗೆ ಬರುತ್ತಾನೆ. ನನಗೆ ಕಾರು ಕಲಿಸಿದವನೂ ಅವನೇ.

ಆಂಟಿ ಬಾಗಿಲು ಬಡಿದ ಆ ದಿನದಿಂದ ಪ್ರಾಕ್ಟೀಸ್ ದಿನ ಆಂಟಿಯ ಜೊತೆ ನಾನೇ ಇರುತ್ತಿದ್ದೆ. ಅಂಕಲ್‌ಗೆ ಹೊರಗಿನ ಗಾಳಿಯೆಂದರೆ ವಾರದಲ್ಲಿ ಅದಷ್ಟೇ. ಹೋದ ಚಳಿಗಾಲದಲ್ಲಿ ಎದೆನೋವೆಂದು ಆಸ್ಪತ್ರೆಗೆ ಹೋದವರು ಹಿಂತಿರುಗಲಿಲ್ಲ. ಸ್ಟ್ರೆಚರಿನ ಮೇಲೂ ಆಂಟಿಯ ಮಾತ್ರೆಗಳ ಹೊತ್ತನ್ನೇ ನನಗೆ ಹೇಳುತ್ತಿದ್ದರು. ಆಂಟಿ ಈಗ ವೃದ್ಧರ ಕೇಂದ್ರವೊಂದರಲ್ಲಿದ್ದಾರೆ. ನಾನೇ ಕಾರು ಓಡಿಸಿಕೊಂಡು ಹೋಗಿ ನೋಡಿ ಬರುತ್ತೇನೆ.

ನನಗಾಗಿ ಅವರು ಒಂದು ಫೋನ್ ಮಾಡಿದರು. ಅವರಿಗಾಗಿ ಯಾರಿಗೆ ಫೋನ್ ಮಾಡಬೇಕಿತ್ತೋ, ನನಗೆ ಇವತ್ತಿಗೂ ತಿಳಿದಿಲ್ಲ.