ವೀರಮ್ಮ ಕಿತ್ತ ಹೊಸ್ತಿಲು

ವೀರಮ್ಮನ ತವರು ಭದ್ರಾವತಿಯ ಓಲ್ಡ್ ಟೌನ್. ಸೇರಿದ್ದು ಶಿವಮೊಗ್ಗದ ಗಾಂಧಿ ಬಜಾರ್ ಹಿಂದಿನ ಒಂದು ಗಲ್ಲಿಗೆ; ಗಂಡ ಶಿವಯೋಗಪ್ಪನಿಗೆ ಅಲ್ಲಿ ಬೆಲ್ಲದ ಅಂಗಡಿ. ಸಾವಿರದ ಒಂಬೈನೂರ ಅರವತ್ತೆರಡರ ಬೇಸಿಗೆಯಲ್ಲಿ ಆಕೆಯ ಮನಸ್ಸಿಗೆ ನೆಮ್ಮದಿಯೇ ಇರಲಿಲ್ಲ. ಪಾಯಿಖಾನೆ ಗುಂಡಿಗಳ ನೀರು ಗಲ್ಲಿಯ ಬಾವಿಗೆ ಇಳಿಯತೊಡಗಿತ್ತು. ಪಕ್ಕದ ಮನೆಯ ಮೆಹಬೂಬ್ ಬೀಯ ಮೊಮ್ಮಗಳು ವಾಂತಿಭೇದಿಯಾಗಿ ಸತ್ತು ಬದುಕಿದ್ದಳು. ಇನ್ನು ಮಳೆ ಹಿಡಿದರೆ ಗತಿಯೇನು?

ಒಳಚರಂಡಿಯ ಪೈಪು ದೊಡ್ಡ ರಸ್ತೆಯವರೆಗೆ ಬಂದು ನಿಂತಿತ್ತು. ಎಲ್ಲ ಮನೆಯವರೂ ಸಂಪರ್ಕದ ಹಣ ಕಟ್ಟಿದರಷ್ಟೇ ಮುನಿಸಿಪಾಲಿಟಿಯವರು ಅದನ್ನು ಗಲ್ಲಿಯೊಳಗೆ ತರುತ್ತಾರಂತೆ. ವೀರಮ್ಮ ಮನೆಮನೆ ತಿರುಗಿ ಕಟ್ಟಿಸಿದಳು. ಉಳಿದವರು ಎದುರುಮನೆಯ ಗಂಗಾಧರಪ್ಪ ಒಬ್ಬರೇ.

"ಹಿತ್ತಿಲ ಹೊಲಸು ನಮ್ಮ ಹೊಸ್ತಿಲ ಕೆಳಗೆ ಹರೀಬೇಕಾ? ಅದಕ್ಕೆ ನಾನೇ ದುಡ್ಡು ಬೇರೆ ಕೊಡ್ಬೇಕಾ? ಹೋಗ್ ಮಾರಾಯ್ತಿ!" ಎಂದು ಅವರು ನಸ್ಯ ಏರಿಸಿದರು.

ದಿನಾ ಅರಿಸಿನ ಕುಂಕುಮ ಕಾಣುವ ಹೊಸ್ತಿಲು ಅದು. ಪೈಪು ಹಿತ್ತಿಲಿಂದ ಬೀದಿಗೆ ಬರಲು ಬೇರೆ ದಾರಿಯೂ ಇರಲಿಲ್ಲ.

ತಾನೇ ಮೊದಲು ಕಿತ್ತರೆ ಅವರೂ ಒಪ್ಪಿಯಾರೆಂದು ಮಾರನೆಯ ಬೆಳಿಗ್ಗೆಯೇ ವೀರಮ್ಮ ಗಾರೆ ಕೆಲಸದ ಹೂವಪ್ಪನನ್ನು ಕರೆಸಿ ತನ್ನ ಮನೆಯ ಹೊಸ್ತಿಲ ಕಲ್ಲನ್ನು ಕೀಳಿಸಿದಳು. ನಡುಮನೆಯ ಉದ್ದಕ್ಕೂ ಕಾಲುವೆ ತೋಡಿಸಿದಳು. ಪೈಪು ಬರುವ ಖಾತ್ರಿಯೇ ಇಲ್ಲ! ಸಂಜೆ ಬಂದ ಶಿವಯೋಗಪ್ಪ ಬೀದಿಯಲ್ಲೇ ನಿಂತ. "ಏನೇ ಇದು, ಒಳಗೆ ಬರೋಕೆ ದೋಣಿ ತರ್ಬೇಕಾ?"

ಗಂಗಾಧರಪ್ಪನವರ ಹೆಂಡತಿ ದಾಕ್ಷಾಯಣಿ ಇಣುಕಿದಳು. "ಅಕ್ಕಾ, ಲಕ್ಷ್ಮಿ ಹೊರಟುಹೋಗಲ್ವಾ?"

"ಹೋದ್ರೆ ನಿಮ್ಮನೆಗೇ ಬಂದಿರ್ತಾಳೆ, ಒಳಗೆ ನೋಡ್ಕೋ ಹೋಗು."

ಗಂಗಾಧರಪ್ಪ ಜಗ್ಗಲಿಲ್ಲ. ಮೋಡ ಕಟ್ಟಿತು. ವೀರಮ್ಮ ಕಾಲುವೆಯ ಆಚೆಗೂ ಈಚೆಗೂ ದಾಟುತ್ತ ನಿದ್ದೆಗೆಟ್ಟಳು. ಒಂದು ಬೆಳಿಗ್ಗೆ ತಡೆಯಲಾರದೆ ಎದುರುಮನೆಗೆ ನುಗ್ಗಿದಳು. ಗಂಗಾಧರಪ್ಪ ಅಂಗೈಯಲ್ಲಿ ಇಷ್ಟಲಿಂಗವಿಟ್ಟುಕೊಂಡು ಮಜ್ಜನಕ್ಕೆ ಚೊಂಬು ಎತ್ತಿದ್ದರು.

"ಅಣ್ಣಾ, ಎರೀಬೇಡಿ! ದಾಕ್ಷಾಯಣೀ, ಇದು ಎಲ್ಲಿ ನೀರೇ?"

"ಬಾವೀದೇ ಅಕ್ಕಾ, ಇನ್ನೆಲ್ಲಿಂದ ತರ್ಲಿ?"

"ನಸ್ಯದ ಮೂಗಿಗೆ ನಾತ ಗೊತ್ತಾಗಲ್ಲ ಅಣ್ಣಾ, ಬೆಳಕಿಗೆ ಹಿಡಿದು ನೋಡಿ. ಹೊಸ್ತಿಲ ಕೆಳಗೆ ಹೋಗಬಾರ್ದು ಅಂದದ್ದು ಲಿಂಗದ ಮೇಲೇ ಬೀಳ್ತಿದೆ."

ಅವರು ಕಿಟಕಿಯ ಕಡೆಗೆ ಚೊಂಬನ್ನು ಓರೆ ಮಾಡಿದರು. ಸಣ್ಣ ಹುಳವೊಂದು ಮಿಸುಕಿತು. ಚೊಂಬನ್ನು ಕೆಳಗಿಟ್ಟರು. ಲಿಂಗವನ್ನು ಕರಡಿಗೆಗೆ ಸೇರಿಸಿ ಎದ್ದರು. ಪೂಜೆಯಾಗದೆ ಹನಿ ನೀರೂ ಮುಟ್ಟುವವರಲ್ಲ. ದಾಕ್ಷಾಯಣಿ ಕೊಡ ಹಿಡಿದು ತುಂಗೆಯ ಕಡೆ ಓಡಿದಳು, ಅವರು ಕಾಯಲಿಲ್ಲ. ಮುನಿಸಿಪಾಲಿಟಿಯವರು ಬೀಗ ತೆಗೆಯುವಾಗ ಸಂಪರ್ಕದ ಹಣ ಹಿಡಿದು ಖಾಲಿ ಹೊಟ್ಟೆಯಲ್ಲಿ ಮೆಟ್ಟಿಲ ಮೇಲೆ ಕೂತಿದ್ದರಂತೆ.

ಗುದ್ದಲಿಯವರು ಗಲ್ಲಿಗೆ ಬಂದ ದಿನವೇ ಮೊದಲ ಹನಿಗಳು ಬಿದ್ದವು. ವೀರಮ್ಮ ತಲೆಗೆ ಸೆರಗು ಹೊದ್ದು ಅವರ ಮುಂದೆ ಮುಂದೆ ಓಡಿದಳು.

"ಬೇಗ ತೋಡ್ರಪ್ಪಾ! ನಮ್ಮನೆ ಆಮೇಲೆ. ಮೊದ್ಲು ಗಂಗಾಧರಪ್ಪಣ್ಣನ ಮನೆ, ಅವ್ರು ಮನಸ್ಸು ಬದಲಾಯಿಸೋದ್ರೊಳಗೆ!"