ಕುಬಸದ ತಟ್ಟೆಯಲ್ಲಿಟ್ಟ ಬೀಡಿ

ಕುಬಸದ ದಿನ ತಟ್ಟೆಯಲ್ಲಿ ಬೀಡಿ ಇಡಬೇಡಿ ಎಂದು ತಂಗಿಯ ಗಂಡ ನನ್ನನ್ನು ಕೇಳಿಕೊಂಡಿದ್ದ. ಆಗಲಿ ಎಂದು ಮಾತು ಕೊಟ್ಟವನು ನಾನು. ಉಳಿಸಿಕೊಳ್ಳಲಿಲ್ಲ.

ತಂಗಿಯನ್ನು ಮಸ್ಕಿಗೆ ಕೊಟ್ಟಿದ್ದೇವೆ. ಭತ್ತದ ಸಸಿ ಹಚ್ಚುವ ಕೂಲಿಗೆ ಹೋಗುತ್ತ, ಕೆಸರಿನ ಥಂಡಿಗೆಂದು ಜೊತೆಯ ಹೆಂಗಸರಿಂದ ಬೀಡಿ ಕಲಿತವಳು. ಗಂಡನೂ ಸೇದುವವನೇ. ಅವಳು ಬಸುರಿಯಾಗಿ ನಾಲ್ಕನೇ ತಿಂಗಳಲ್ಲಿ ಲಿಂಗಸುಗೂರಿನ ದವಾಖಾನೆಯಲ್ಲಿ ನರ್ಸಮ್ಮ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಹೊಗೆ ಹೊಟ್ಟೆಯೊಳಗಿನ ಕೂಸಿಗೂ ಮುಟ್ಟುತ್ತದೆ, ಬಿಟ್ಟರೆ ಇಬ್ಬರೂ ಕೂಡಿಯೇ ಬಿಡಿ ಎಂದರಂತೆ. ಅಂದೇ ಬಿಟ್ಟರು. ಚಟ ಎಳೆದಾಗ ಒಬ್ಬರಿಗೊಬ್ಬರು ಹೇಳಿಕೊಂಡು ಬಡೇಸೋಪು ಅಗಿಯುತ್ತಿದ್ದರು. ಮೂರು ತಿಂಗಳು ಹಾಗೇ ನಡೆಯಿತು.

ಏಳನೇ ತಿಂಗಳಲ್ಲಿ ತುರ್ವಿಹಾಳದ ನಮ್ಮ ಮನೆಯಲ್ಲಿ ಅವಳಿಗೆ ಬಳೆ ತೊಡಿಸಿ, ಉಡಿ ತುಂಬಿ ಕುಬಸ ಮಾಡಿದೆವು. ಊಟವಾದ ಮೇಲೆ ಎಲೆ, ಅಡಿಕೆ, ಬೀಡಿ ಇಟ್ಟ ತಟ್ಟೆಯನ್ನು ಗಂಡಸರ ಮುಂದೆ ತಿರುಗಿಸುವುದು ನಮ್ಮಲ್ಲಿ ರೂಢಿ. ಅದು ಮನೆಯ ಮಗನಾದ ನನ್ನ ಕೆಲಸ. ಮೊದಲು ಬರೀ ಎಲೆ ಅಡಿಕೆ ಇಟ್ಟುಕೊಂಡೇ ಹೊರಗೆ ಬಂದೆ. ದೊಡ್ಡಪ್ಪ ತಟ್ಟೆ ನೋಡಿದ.

"ಏನಲೇ, ತಂಗಿ ಕುಬಸಕ್ಕ ಒಂದು ಬೀಡಿ ಕಟ್ಟಿಗೂ ಬರ ಬಂತೇನು?"

ನಾಲ್ಕು ಮಂದಿ ನಕ್ಕರು. ಅಷ್ಟೇ ಆದದ್ದು. ನಾನು ಒಳಗೆ ಹೋಗಿ ನನ್ನದೇ ಕಟ್ಟು ಬಿಚ್ಚಿ ಇಟ್ಟುಕೊಂಡು ಬಂದೆ. ಮನೆಯ ಅಳಿಯನಾದ ತಂಗಿಯ ಗಂಡನ ಮುಂದೆ ತಟ್ಟೆ ಹಿಡಿದಾಗ ಅವನು ನನ್ನ ಮುಖ ನೋಡಿದ. ಒಲ್ಲೆ ಎಂದರೆ ಹಿರಿಯರ ಮುಂದೆ ಸೊಕ್ಕಿನವನು ಅನ್ನಿಸಿಕೊಳ್ಳಬೇಕು. "ತಗೋರಿ" ಎಂದವನೂ ನಾನೇ. ದೊಡ್ಡಪ್ಪ ಕಡ್ಡಿ ಗೀರಿ ಹಚ್ಚಿಕೊಟ್ಟ. ಹೊಸ್ತಿಲ ಒಳಗೆ ಹಸಿರು ಬಳೆ ತೊಟ್ಟು ಕೂತಿದ್ದ ತಂಗಿ ಎಲ್ಲವನ್ನೂ ನೋಡಿದಳು.

ಅವನು ಮಸ್ಕಿಗೆ ಹೋದ, ಅವಳು ಹೆರಿಗೆಗೆಂದು ನಮ್ಮಲ್ಲಿ ಉಳಿದಳು. ವಾರದೊಳಗೆ ಹಿತ್ತಲಿನಿಂದ ಬೀಡಿ ವಾಸನೆ ಬಂತು. ಕೇಳಿದರೆ ಮಾತು ನನ್ನ ಕಡೆಗೇ ತಿರುಗುತ್ತದೆಂದು ಸುಮ್ಮನಿದ್ದೆ. ಸಿಂಧನೂರಿಗೆ ತಪಾಸಣೆಗೆ ಕರೆದೊಯ್ದಾಗ, ಮನೆಯಲ್ಲಿ ಯಾರಾದರೂ ಸೇದುತ್ತಾರೆಯೇ ಎಂದು ಅಲ್ಲಿಯ ನರ್ಸು ಕೇಳಿದರು. ತಂಗಿ ತಲೆ ತಗ್ಗಿಸಿದಳು. ನಾನು ಇಲ್ಲವೆಂದೆ.

ಮುಂದಿನ ಭಾನುವಾರ ಅಳಿಯ ಬಂದ. ವಾಸನೆ ಹಿಡಿದು ಅವಳನ್ನು ಕೇಳಿದ.

"ನೀ ಮಂದ್ಯಾಗ ಸೇದಿದಿ, ನಾ ಹಿತ್ತಲದಾಗ ಸೇದೀನಿ. ಇನ್ನ ಯಾಕ ಕೇಳ್ತಿ?" ಅಂದಳು.

ತಾನೂ ಅಂದಿನಿಂದ ಬಿಡಲಾಗಿಲ್ಲ, ಎಲ್ಲ ತನ್ನಿಂದಲೇ ಕೆಟ್ಟಿತು ಎನ್ನುತ್ತ ಅವನು ಚೀಲ ಎತ್ತಿಕೊಂಡ. ಬಾಗಿಲಲ್ಲಿ ನಿಂತಿದ್ದ ನಾನು ಅಡ್ಡ ಬಂದು ಚೀಲ ಹಿಡಿದುಕೊಂಡೆ.

"ಕುಂದರ್ರಿ ಇಬ್ರೂ. ನೀವು ಬಿಟ್ಟಿದ್ರಿ, ನಾ ಹಿಡಿಸೀನಿ. ನಾಕು ಮಂದಿ ನಗತಾರಂತ ಹೆದರಿ ನಿಮ್ಮ ಕೂಸಿಗೆ ಹೊಗಿ ಕುಡಿಸಿದೆ. ತಪ್ಪಾತ್ರಿ ಅಳಿಯಾರ. ತಂಗೀ, ತಪ್ಪಾತು ನಂದು."